ಬರದ ಹಣ, ಕಿಸಾನ್ ಕಂತು, ಸಬ್ಸಿಡಿ ಪೈಪು: ನಮ್ಮೂರಲ್ಲಿ ಯಾರಿಗೆ ಎಷ್ಟು ಬಂತು ಅಂತ ನೋಡುವುದು ಹೇಗೆ?

2024ರ ಬೇಸಿಗೆ. ಇಂಡಿ ತಾಲೂಕಿನ ನಮ್ಮ ಊರಲ್ಲಿ ಹನುಮಪ್ಪನ ಗುಡಿ ಕಟ್ಟೆ ಮೇಲೆ ಕೂತವರ ಕೈಯಲ್ಲೆಲ್ಲ ಮೊಬೈಲ್. ಬರ ಪರಿಹಾರದ ಹಣ ಜಮಾ ಆಗಿದೆ ಅಂತ ಒಬ್ಬೊಬ್ಬರಿಗೇ ಮೆಸೇಜ್ ಬರುತ್ತಿತ್ತು. ನಮ್ಮ ಅಪ್ಪನಿಗೆ ಬರಲಿಲ್ಲ. ಬದುವಿನ ಆಚೆ ಹೊಲ ಇರುವ ಕಾಕಾನಿಗೆ ಬಂತು. ಇಬ್ಬರೂ ಹಾಕಿದ್ದು ತೊಗರಿ. ಇಬ್ಬರದೂ ಹೂವಿಗೆ ಬರುವ ಮೊದಲೇ ಒಣಗಿತ್ತು.

"ಅವಂಗ ಕಚೇರಿಯಾಗ ಮಂದಿ ಗುರ್ತ ಅದಾರ, ಅದಕ್ಕ ಬಂತು" ಅಂತ ಅಪ್ಪ ಮನೆಯಲ್ಲಿ ಅಂದರು. ಆ ಮಾತು ಹೇಗೋ ಕಾಕಾನ ಕಿವಿಗೆ ಬಿತ್ತು. ಎರಡು ತಿಂಗಳು ಇಬ್ಬರಿಗೂ ಮಾತಿಲ್ಲ. ಕೊನೆಗೆ ಕಾರಣ ಸಿಕ್ಕಾಗ ಅದರಲ್ಲಿ ಕಾಕಾನ ಪಾತ್ರವೇ ಇರಲಿಲ್ಲ. ಬೆಳೆ ಸಮೀಕ್ಷೆಗೆ ಬಂದವರು ನಮ್ಮ ಸರ್ವೆ ನಂಬರಿನ ಮುಂದೆ 'ಬೀಳು' ಅಂತ ಹಾಕಿ ಹೋಗಿದ್ದರು. ಬೀಳು ಹೊಲಕ್ಕೆ ಬೆಳೆ ಹಾನಿ ಎಲ್ಲಿಂದ ಬರಬೇಕು?

ಇದು ಗೊತ್ತಾಗಿದ್ದು ನಾವು ಪಟ್ಟಿ ತೆಗೆದು ನೋಡಿದ ಮೇಲೆ. ಯಾರಿಗೆ ಬಂತು, ಯಾಕೆ ಬಂತು ಅನ್ನುವುದು ಕಣ್ಣಿಗೆ ಕಾಣದಿದ್ದರೆ ಅನುಮಾನ ಮೊದಲು ಹೋಗುವುದು ಪಕ್ಕದ ಹೊಲದವನ ಮೇಲೆ. ಆಮೇಲಿಂದ ಊರಲ್ಲಿ ಸುಮಾರು ಮಂದಿಗೆ ಪಟ್ಟಿ ನೋಡಿಕೊಟ್ಟಿದ್ದೇನೆ. ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಮೂರೂ ಕಡೆ ದಾರಿ ಒಂದೇ.

ಮೊದಲು, ಯಾವ ಹಣ ಅಂತ ಬೇರೆ ಮಾಡಿಕೊಳ್ಳಿ

"ರೊಕ್ಕ ಬಂದಿಲ್ಲ" ಅಂತ ಬರುವವರಲ್ಲಿ ಅರ್ಧ ಮಂದಿಗೆ ಯಾವ ರೊಕ್ಕ ಅಂತ ಗೊತ್ತಿರುವುದಿಲ್ಲ. ಕಿಸಾನ್ ಕಂತಿನ ದೂರು ಹಿಡಿದು ತಹಶೀಲ್ದಾರ್ ಕಚೇರಿಯಲ್ಲಿ ನಿಂತರೆ ದಿನ ವ್ಯರ್ಥ. ಹಾಗಾಗಿ ಇದು ಮೊದಲು.

ಪಿಎಂ ಕಿಸಾನ್ ಅನ್ನುವುದು ಕೇಂದ್ರ ಸರ್ಕಾರದ ಹಣ. 2019ರಲ್ಲಿ ಶುರುವಾಯಿತು. ವರ್ಷಕ್ಕೆ 6,000 ರೂಪಾಯಿ, ನಾಲ್ಕು ತಿಂಗಳಿಗೊಮ್ಮೆ 2,000. ಇದರ ಜೊತೆ ರಾಜ್ಯ ಸರ್ಕಾರ ವರ್ಷಕ್ಕೆ 4,000 ಸೇರಿಸಿ ಕೊಡುತ್ತಿತ್ತು. ಅದು 2023ರಲ್ಲಿ ನಿಂತಿದೆ. "ಮೊದಲು ಹತ್ತು ಸಾವಿರ ಬರ್ತಿತ್ತು, ಈಗ ಆರೇ ಬರ್ತದ, ಉಳಿದದ್ದು ಯಾರು ತಿಂದರು" ಅಂತ ಕೇಳುವ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕು.

ಬೆಳೆ ಹಾನಿ ಪರಿಹಾರ ಬರ ಅಥವಾ ನೆರೆ ಬಂದಾಗ ಕಂದಾಯ ಇಲಾಖೆ ಕಡೆಯಿಂದ ಬರುವ ಹಣ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ್ದರು. ಕಟ್ಟೆಯ ಮೇಲೆ ಮೆಸೇಜ್ ಬಂದದ್ದು ಆ ಹಣದ್ದು.

ಬೆಳೆ ವಿಮೆ ಇವೆರಡಕ್ಕಿಂತ ಬೇರೆ. ಅದಕ್ಕೆ ನೀವು ಕಂತು ಕಟ್ಟಿರಬೇಕು. ಮುಂಗಾರಿಗೆ ವಿಮಾ ಮೊತ್ತದ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗೆ 5. ಇದರ ಅರ್ಜಿ ಮತ್ತು ಸ್ಥಿತಿ ನೋಡಲು ಕರ್ನಾಟಕದಲ್ಲಿ 'ಸಂರಕ್ಷಣೆ' ಅನ್ನುವ ಜಾಲತಾಣ ಇದೆ.

ಇನ್ನು ವಸ್ತುವಿನ ರೂಪದ ಸಬ್ಸಿಡಿ. ಸ್ಪ್ರಿಂಕ್ಲರ್ ಪೈಪು, ತಾಡಪತ್ರಿ, ರೋಟಾವೇಟರ್, ಹನಿ ನೀರಾವರಿ, ಕೃಷಿ ಹೊಂಡ. ಇವು ರೈತ ಸಂಪರ್ಕ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆ ಮೂಲಕ ಬರುತ್ತವೆ. ನನ್ನ ಅನುಭವದಲ್ಲಿ ಜನ ಹೆಚ್ಚು ಪ್ರಶ್ನೆ ಕೇಳಬೇಕಾದದ್ದು ಇಲ್ಲಿಯೇ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ದೊಡ್ಡ ಸಬ್ಸಿಡಿಗಳು ಯಾರ ಪಾಸ್‌ಬುಕ್ಕಿನಲ್ಲೂ ಕಾಣುವುದಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಅದರ ದುಡ್ಡನ್ನು ಸರ್ಕಾರ ನಮ್ಮ ಭಾಗದಲ್ಲಿ ಕರೆಂಟು ಕೊಡುವ ಕಂಪನಿ ಹೆಸ್ಕಾಂಗೆ ಕಟ್ಟುತ್ತದೆ. 45 ಕಿಲೋ ಯೂರಿಯಾ ಚೀಲ ನಮಗೆ 266 ರೂಪಾಯಿ 50 ಪೈಸೆಗೆ ಸಿಗುತ್ತದೆ, ಅದರ ಮೇಲಿನ ಖರ್ಚನ್ನು ಕೇಂದ್ರ ಗೊಬ್ಬರದ ಕಂಪನಿಗೆ ಕೊಡುತ್ತದೆ. ಮಳೆ ನಂಬಿ ಎರಡು ಎಕರೆ ತೊಗರಿ ಬಿತ್ತುವವನ 2,000 ರೂಪಾಯಿ ಹೆಸರು ಸಮೇತ ಪಟ್ಟಿಯಲ್ಲಿ ಬರುತ್ತದೆ. ಎರಡು ಬೋರಿನ ಮೇಲೆ ಹತ್ತು ಎಕರೆ ಕಬ್ಬು ಮಾಡುವವನ ಕರೆಂಟಿನ ಸಬ್ಸಿಡಿ ಹಾಗೆ ಹೆಸರಿನ ಮುಂದೆ ಬರುವುದಿಲ್ಲ. ಪಟ್ಟಿ ಹಿಡಿದು ಮಾತಾಡುವಾಗ ಇದು ನೆನಪಿರಲಿ. ಪಟ್ಟಿಯಲ್ಲಿ ಹೆಸರು ಇರುವವನೇ ಊರಲ್ಲಿ ಜಾಸ್ತಿ ಪಡೆದವನು ಅಂತ ತಿಳಿಯಬಾರದು.

ಹೆಜ್ಜೆ 1: ನಾಲ್ಕು ಕಾಗದ ಮುಂದಿಟ್ಟುಕೊಳ್ಳಿ

ಉತಾರ (ಪಹಣಿ), ಆಧಾರ್, ಬ್ಯಾಂಕ್ ಪಾಸ್‌ಬುಕ್, ಎಫ್‌ಐಡಿ ನಂಬರ್.

ಎಫ್‌ಐಡಿ ಅಂದರೆ 'ಫ್ರೂಟ್ಸ್' ತಂತ್ರಾಂಶದಲ್ಲಿ ರೈತನಿಗೆ ಸಿಗುವ ಗುರುತಿನ ಸಂಖ್ಯೆ. ಪರಿಹಾರ, ಕೃಷಿ ಇಲಾಖೆಯ ಸಬ್ಸಿಡಿ, ಬೆಳೆ ವಿಮೆ, ಬೆಂಬಲ ಬೆಲೆ ಖರೀದಿ, ಎಲ್ಲವೂ ಈಗ ಇದರ ಮೇಲೆಯೇ ನಡೆಯುತ್ತವೆ. ನಂಬರ್ ಇದ್ದರೆ ಸಾಲದು. ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದರೊಳಗೆ ಸೇರಿವೆಯಾ ನೋಡಿ. ಮೂರು ಕಡೆ ಹೊಲ ಇದ್ದು ಎಫ್‌ಐಡಿಯಲ್ಲಿ ಒಂದೇ ಕಡೆಯದು ಸೇರಿದ್ದರೆ ಪರಿಹಾರವೂ ಆ ಒಂದಕ್ಕೇ ಬರುತ್ತದೆ. ರೈತ ಸಂಪರ್ಕ ಕೇಂದ್ರಕ್ಕೆ ಉತಾರ ಮತ್ತು ಆಧಾರ್ ಒಯ್ದರೆ ಸೇರಿಸಿಕೊಡುತ್ತಾರೆ.

ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ ಇದೆಯಾ? ನಮ್ಮ ಕಡೆ ಇದು ಬಹಳ. ಅಜ್ಜ ತೀರಿ ಇಪ್ಪತ್ತು ವರ್ಷವಾದರೂ ವಾರಸಾ (ವಾರಸುದಾರರ ಹೆಸರಿಗೆ ಉತಾರ ಬದಲಾವಣೆ) ಮಾಡಿಸಿರುವುದಿಲ್ಲ. ತೀರಿದವರ ಹೆಸರಿನ ಹೊಲಕ್ಕೆ ಮೊಮ್ಮಕ್ಕಳ ಎಫ್‌ಐಡಿ ಜೋಡಿಸಲು ಬರುವುದಿಲ್ಲ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಹಿಡಿದು ತಲಾಠಿಯವರನ್ನು (ಗ್ರಾಮ ಆಡಳಿತಾಧಿಕಾರಿ) ಮೊದಲು ಕಾಣಿರಿ. ಮುಂದಿನ ಯಾವ ಹೆಜ್ಜೆಯೂ ಇದಾಗದೆ ನಡೆಯುವುದಿಲ್ಲ.

ಹೆಜ್ಜೆ 2: ನಿಮ್ಮ ಹಣ ಎಲ್ಲಿ ಹೋಯಿತು ನೋಡಿ

ಮೊಬೈಲಿನಲ್ಲಿ 'ಡಿಬಿಟಿ ಕರ್ನಾಟಕ' ಆ್ಯಪ್ ಹಾಕಿಕೊಳ್ಳಿ. ಆಧಾರ್ ನಂಬರ್ ಕೊಟ್ಟು, ಮೊಬೈಲಿಗೆ ಬರುವ ಒಟಿಪಿ ಹಾಕಿದರೆ ರಾಜ್ಯ ಸರ್ಕಾರದ ಯಾವ ಯೋಜನೆಯ ಹಣ, ಯಾವ ದಿನ, ಯಾವ ಬ್ಯಾಂಕಿಗೆ ಹೋಗಿದೆ ಅಂತ ತೋರಿಸುತ್ತದೆ.

ಬ್ಯಾಂಕಿನ ಹೆಸರನ್ನು ಗಮನವಿಟ್ಟು ಓದಿ. ಈ ಹಣ ಖಾತೆ ನಂಬರ್ ನೋಡಿ ಬರುವುದಿಲ್ಲ, ಆಧಾರ್ ನೋಡಿ ಬರುತ್ತದೆ. ಆಧಾರಿಗೆ ಕೊನೆಯಲ್ಲಿ ಯಾವ ಬ್ಯಾಂಕು ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಇದಕ್ಕೆ ಬ್ಯಾಂಕಿನವರು ಎನ್‌ಪಿಸಿಐ ಮ್ಯಾಪಿಂಗ್ ಅನ್ನುತ್ತಾರೆ. ಪಕ್ಕದ ಓಣಿಯ ಅಜ್ಜಿಯೊಬ್ಬರು ಮೂರು ಕಂತು ಬಂದಿಲ್ಲ ಅಂತ ಅಳುತ್ತಿದ್ದರು. ಸ್ವಸಹಾಯ ಸಂಘಕ್ಕೆ ಅಂತ ಎಂದೋ ತೆರೆದು ಮರೆತ ಖಾತೆಯಲ್ಲಿ ಮೂರೂ ಕಂತು ಭದ್ರವಾಗಿ ಕೂತಿದ್ದವು. ಬೇರೆ ಬ್ಯಾಂಕಿಗೆ ಬದಲಿಸಬೇಕೆಂದರೆ, ಆ ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆ ಅರ್ಜಿ ಕೊಡಿ.

ಪಿಎಂ ಕಿಸಾನಿಗೆ ಅದರದೇ ಜಾಲತಾಣ ಇದೆ. ಅಲ್ಲಿ 'ನೋ ಯುವರ್ ಸ್ಟೇಟಸ್' ಒತ್ತಿ ನೋಂದಣಿ ಸಂಖ್ಯೆ ಹಾಕಿದರೆ ಯಾವ ಕಂತು ಬಂತು, ಯಾವುದು ನಿಂತಿತು, ಯಾಕೆ ಅಂತ ಬರುತ್ತದೆ. ಇ-ಕೆವೈಸಿ, ಜಮೀನಿನ ಜೋಡಣೆ, ಬ್ಯಾಂಕಿಗೆ ಆಧಾರ್, ಈ ಮೂರರ ಮುಂದೆಯೂ 'ಯೆಸ್' ಇರಬೇಕು. ಫೋನಿನಲ್ಲಿ ಕೇಳುವುದಾದರೆ ಸಹಾಯವಾಣಿ 155261.

ಹೆಜ್ಜೆ 3: ಹೊಲದಲ್ಲಿ ಇದ್ದದ್ದು ದಾಖಲೆಯಲ್ಲಿ ಇದೆಯಾ?

ಈ ಹೆಜ್ಜೆಯಲ್ಲೇ ನಾವು ಸೋತದ್ದು. ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಪ್ರತಿ ಹಂಗಾಮಿನಲ್ಲೂ ಬೆಳೆ ಸಮೀಕ್ಷೆ ಆಗುತ್ತದೆ. ಊರಿನ ಒಬ್ಬ ಹುಡುಗ ಮೊಬೈಲ್ ಹಿಡಿದು ಸರ್ವೆ ನಂಬರಿನ ಮೇಲೆ ನಿಂತು ಫೋಟೊ ತೆಗೆಯಬೇಕು, ಬೆಳೆಯ ಹೆಸರು ಮತ್ತು ವಿಸ್ತೀರ್ಣ ಹಾಕಬೇಕು. ಪರಿಹಾರ, ವಿಮೆ, ಬೆಂಬಲ ಬೆಲೆ, ಮೂರಕ್ಕೂ ಮುಂದೆ ನೋಡುವುದು ಈ ದಾಖಲೆಯನ್ನೇ. ಬದುವಿನ ಮೇಲೆ ನಿಂತು ನಾಲ್ಕು ಹೊಲಕ್ಕೆ ಒಂದೇ ಬೆಳೆ ಬರೆದುಬಿಟ್ಟರೆ, ಅಕ್ಕಡಿ ಸಾಲನ್ನು (ನಡುನಡುವೆ ಬಿತ್ತಿದ ಬೇರೆ ಬೆಳೆ) ಬಿಟ್ಟುಬಿಟ್ಟರೆ, ನಮ್ಮದಕ್ಕೆ ಮಾಡಿದಂತೆ ಬೀಳು ಅಂತ ಹಾಕಿದರೆ, ನಷ್ಟ ಗೊತ್ತಾಗುವುದು ಆರು ತಿಂಗಳ ನಂತರ.

ರೈತನೇ ತನ್ನ ಹೊಲದ ಸಮೀಕ್ಷೆ ಮಾಡಿಕೊಳ್ಳಲು ಅವಕಾಶ ಇದೆ. ಹಂಗಾಮು ಶುರುವಾದಾಗ ರೈತರ 'ಬೆಳೆ ಸಮೀಕ್ಷೆ' ಆ್ಯಪ್ ಬಿಡುತ್ತಾರೆ. ನೀವು ಮಾಡಿಲ್ಲದಿದ್ದರೂ 'ಬೆಳೆ ದರ್ಶಕ' ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರಿಗೆ ಏನು ಬರೆದಿದ್ದಾರೆ ಅಂತ ಫೋಟೊ ಸಮೇತ ನೋಡಬಹುದು. ತಪ್ಪಿದ್ದರೆ ಅಲ್ಲಿಯೇ ಆಕ್ಷೇಪಣೆ ಹಾಕಬಹುದು. ಆದರೆ ಆಕ್ಷೇಪಣೆಗೆ ಗಡುವು ಇರುತ್ತದೆ. ಆ ಗಡುವು ಮುಗಿದ ಮೇಲೆ ನಾವು ಎಚ್ಚೆತ್ತೆವು. ಅಪ್ಪ ಒಣಗಿದ ತೊಗರಿ ಕಟ್ಟಿಗೆಯ ಫೋಟೊ ಹಿಡಿದು ಕಚೇರಿಯಿಂದ ಕಚೇರಿಗೆ ತಿರುಗಿದರು. ಹಂಗಾಮು ಮುಚ್ಚಿತ್ತು. ಆ ವರ್ಷದ ಪರಿಹಾರ ನಮಗೆ ಬರಲೇ ಇಲ್ಲ.

ಈಗ ನಾನು ಮಾಡುವುದು ಇಷ್ಟು. ಬಿತ್ತಿ ಒಂದೂವರೆ ತಿಂಗಳಿಗೆ ಹೊಲದಲ್ಲಿ ನಿಂತು, ಲೊಕೇಶನ್ ಚಾಲೂ ಇಟ್ಟು ನಾಲ್ಕು ಫೋಟೊ ತೆಗೆಯುತ್ತೇನೆ. ವಾರಕ್ಕೊಮ್ಮೆ ಬೆಳೆ ದರ್ಶಕದಲ್ಲಿ ನೋಡುತ್ತೇನೆ. ಸಮೀಕ್ಷೆಯ ಹುಡುಗ ಊರಿಗೆ ಬಂದರೆ ಅಪ್ಪನೇ ಹೊಲಕ್ಕೆ ಕರೆದುಕೊಂಡು ಹೋಗುತ್ತಾರೆ. ಹೋಗುವಾಗ ಕಾಕಾನನ್ನೂ ಕೂಗುತ್ತಾರೆ.

ಬಂದ ಮೊತ್ತ ಸರಿಯಿದೆಯಾ? ಲೆಕ್ಕ ಹಾಕಿ

ಹೆಸರು ಬಂದಿದೆ, ಹಣವೂ ಬಂದಿದೆ, ಆದರೆ ಎಷ್ಟು ಬರಬೇಕಿತ್ತು? 2022-23ರಿಂದ 2025-26ರವರೆಗಿನ ವಿಪತ್ತು ಪರಿಹಾರ ನಿಧಿಯ ದರ ಹೆಕ್ಟೇರಿಗೆ ಹೀಗೆ: ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ನೀರಾವರಿಗೆ 17,000, ದ್ರಾಕ್ಷಿ ನಿಂಬೆಯಂಥ ಬಹುವಾರ್ಷಿಕ ಬೆಳೆಗೆ 22,500. ಬೆಳೆ ನೂರಕ್ಕೆ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿರಬೇಕು. ಒಬ್ಬ ರೈತನಿಗೆ ಗರಿಷ್ಠ ಎರಡು ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ ಐದು ಎಕರೆ.

ನಿಮ್ಮ ಎಕರೆಯನ್ನು ಹೆಕ್ಟೇರ್ ಲೆಕ್ಕಕ್ಕೆ ತರಬೇಕಾದರೆ 2.47ರಿಂದ ಭಾಗಿಸಿ. ಮೂರು ಎಕರೆ ಒಣ ಬೇಸಾಯದ ತೊಗರಿ ಅಂದರೆ 1.21 ಹೆಕ್ಟೇರ್, ಸುಮಾರು 10,300 ರೂಪಾಯಿ. ಇಪ್ಪತ್ತು ಎಕರೆ ಇದ್ದರೂ ಒಣ ಬೇಸಾಯಕ್ಕೆ 17,000ದ ಮೇಲೆ ಈ ದರದಲ್ಲಿ ಬರುವುದಿಲ್ಲ.

2025ರಲ್ಲಿ ಭೀಮಾ ನದಿ ಉಕ್ಕಿದಾಗ ರಾಜ್ಯ ಸರ್ಕಾರ ಇದರ ಮೇಲೆ ಹೆಕ್ಟೇರಿಗೆ 8,500 ಹೆಚ್ಚುವರಿ ಘೋಷಿಸಿತು. ಹಾಗಾಗಿ ಆ ವರ್ಷದ ನೆರೆ ಹಾನಿಗೆ ಲೆಕ್ಕ 17,000, 25,500, 31,000 ಆಗುತ್ತದೆ. ಎರಡು ಸಲ ಬೇರೆ ಬೇರೆಯಾಗಿ ಜಮಾ ಆಗಿರಬಹುದು, ಎರಡನ್ನೂ ಕೂಡಿಸಿ ನೋಡಿ. 2023ರ ಬರದ್ದೂ ಹಾಗೆಯೇ. 2024ರ ಆರಂಭದಲ್ಲಿ ರಾಜ್ಯ ಮೊದಲು 2,000ದವರೆಗೆ ಕೊಟ್ಟಿತು. ರಾಜ್ಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಕೇಂದ್ರದಿಂದ ಹಣ ಬಂದು ಉಳಿದದ್ದು ಬೇಸಿಗೆಯಲ್ಲಿ ಜಮಾ ಆಯಿತು.

ಹೆಜ್ಜೆ 4: ಈಗ ಊರಿನ ಪಟ್ಟಿ ತೆಗೆಯಿರಿ

ನಿಮ್ಮದು ನೋಡಿಕೊಂಡ ಮೇಲೆ ಊರಿನದಕ್ಕೆ ಬನ್ನಿ. ಇದು ಗುಟ್ಟಿನ ಕೆಲಸ ಅಂತ ಕೆಲವರು ಅಂಜುತ್ತಾರೆ. ಅಂಜಬೇಕಾದ್ದು ಏನೂ ಇಲ್ಲ, ಪಟ್ಟಿಯನ್ನು ಸರ್ಕಾರವೇ ತೆರೆದಿಟ್ಟಿದೆ.

ಪಿಎಂ ಕಿಸಾನ್ ಜಾಲತಾಣದಲ್ಲಿ 'ಬೆನಿಫಿಷಿಯರಿ ಲಿಸ್ಟ್' ಅಂತ ಇದೆ. ರಾಜ್ಯ, ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಆರಿಸಿದರೆ ಇಡೀ ಊರಿನ ಹೆಸರುಗಳು ಬರುತ್ತವೆ. ಲಾಗಿನ್ ಬೇಕಿಲ್ಲ.

ಪರಿಹಾರಕ್ಕೆ ಕಂದಾಯ ಇಲಾಖೆಯ 'ಪರಿಹಾರ' ಜಾಲತಾಣ ಇದೆ. ವರ್ಷ, ಹಂಗಾಮು, ಬರ ಅಥವಾ ನೆರೆ ಅಂತ ಆರಿಸಿ ನಿಮ್ಮ ಆಧಾರ್ ಇಲ್ಲವೇ ಎಫ್‌ಐಡಿ ಹಾಕಿದರೆ ನಿಮ್ಮದು ಬರುತ್ತದೆ. ಗ್ರಾಮವಾರು ಪಟ್ಟಿ ತೆಗೆಯುವ ದಾರಿಯೂ ಅಲ್ಲೇ ಇದೆ. ವರ್ಷ ತಪ್ಪಾಗಿ ಆರಿಸಿ "ಏನೂ ಇಲ್ಲ" ಅನ್ನುವವರು ಬಹಳ. ಹಣ ಬಂದ ವರ್ಷ ಆರಿಸಬೇಡಿ, ಬೆಳೆ ಹಾಳಾದ ವರ್ಷ ಆರಿಸಿ.

ಪಟ್ಟಿ ಸಿಕ್ಕ ಮೇಲೆ ಓದುವುದಕ್ಕೂ ಒಂದು ಕ್ರಮ ಇದೆ. ಮೊದಲು ತೀರಿಹೋದವರ ಹೆಸರು ಇದೆಯಾ ನೋಡಿ. ಆಮೇಲೆ ಊರಲ್ಲಿ ಯಾರಿಗೂ ಗೊತ್ತಿಲ್ಲದ ಹೆಸರು. ಹೊಲ ನಮ್ಮ ಊರಲ್ಲಿದ್ದು ಸೋಲಾಪುರದಲ್ಲೋ ಪುಣೆಯಲ್ಲೋ ಇರುವವರ ಹೆಸರು ಹೊಸದಾಗಿ ಕಾಣಬಹುದು, ಅದು ತಪ್ಪಲ್ಲ. ಹಾಗಾಗಿ ಹಿರಿಯರನ್ನು ಕೂಡಿಸಿಕೊಂಡು ಓದಿ.

ಕಿಸಾನ್ ಪಟ್ಟಿಗೆ ಇನ್ನೆರಡು ಪ್ರಶ್ನೆ. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದು ಕುಟುಂಬ. ಕುಟುಂಬಕ್ಕೆ ಒಂದೇ ಕಂತು. ಗಂಡ ಹೆಂಡತಿ ಇಬ್ಬರ ಹೆಸರೂ ಇದ್ದರೆ ಅದು ನಿಯಮಕ್ಕೆ ವಿರುದ್ಧ. ಆದಾಯ ತೆರಿಗೆ ಕಟ್ಟುವವರು, ಗ್ರೂಪ್ ಡಿ ಬಿಟ್ಟು ಉಳಿದ ಸರ್ಕಾರಿ ನೌಕರರು, ತಿಂಗಳಿಗೆ 10,000ಕ್ಕೆ ಕಡಿಮೆಯಿಲ್ಲದ ಪಿಂಚಣಿ ಪಡೆಯುವವರು, ಹಾಲಿ ಮಾಜಿ ಶಾಸಕರು, ವೃತ್ತಿಯಲ್ಲಿರುವ ಡಾಕ್ಟರ್, ವಕೀಲರು, ಇವರಿಗೆ ಈ ಹಣ ಇಲ್ಲ. ಪಡೆದಿದ್ದರೆ ವಾಪಸ್ ಕಟ್ಟಬೇಕು. ಅದಕ್ಕೆ ಜಾಲತಾಣದಲ್ಲಿಯೇ ದಾರಿ ಇದೆ.

ಇದು ಸಣ್ಣ ವಿಷಯ ಅನ್ನಿಸಿದರೆ ಒಂದು ಲೆಕ್ಕ ಹೇಳುತ್ತೇನೆ. ಕಾಮನ್‌ವೆಲ್ತ್ ಹ್ಯೂಮನ್ ರೈಟ್ಸ್ ಇನಿಷಿಯೇಟಿವ್ ಸಂಸ್ಥೆಯ ವೆಂಕಟೇಶ್ ನಾಯಕ್ ಮಾಹಿತಿ ಹಕ್ಕಿನಲ್ಲಿ ಕೇಳಿದ್ದಕ್ಕೆ ಕೇಂದ್ರ ಕೃಷಿ ಸಚಿವಾಲಯವೇ ಕೊಟ್ಟ ಉತ್ತರ ಇದು. 2020ರ ಜುಲೈವರೆಗೆ 20.48 ಲಕ್ಷ ಅನರ್ಹರಿಗೆ 1,364 ಕೋಟಿ ರೂಪಾಯಿ ಹೋಗಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆದಾಯ ತೆರಿಗೆ ಕಟ್ಟುವವರು. ಒಬ್ಬರು ಒಂದು ಅರ್ಜಿ ಹಾಕಿದ್ದಕ್ಕೆ ದೇಶಕ್ಕೆ ಇದು ಗೊತ್ತಾಯಿತು.

ಪಟ್ಟಿಯಲ್ಲಿ ಇಲ್ಲದವರನ್ನೂ ನೋಡಿ. ನನಗೆ ಹೆಚ್ಚು ನೋವಾಗುವುದು ಅಲ್ಲಿ. ನಮ್ಮ ಊರಲ್ಲಿ ಲಾವಣಿ (ಹೊಲದ ಗುತ್ತಿಗೆ) ಹಾಕಿಕೊಂಡು ದುಡಿಯುವವರು, ಪಾಲಿಗೆ ಮಾಡುವವರು ಎಷ್ಟೋ ಮಂದಿ. ಬೀಜ ಅವರದು, ಗೊಬ್ಬರ ಅವರದು, ಸಾಲ ಅವರದು. ಉತಾರ ಮಾತ್ರ ಬೇರೆಯವರದು. ಪರಿಹಾರ ಹೋಗುವುದು ಉತಾರದವರ ಖಾತೆಗೆ. ಇದನ್ನು ಕಾಗದದಲ್ಲಿ ಸರಿಮಾಡುವ ದಾರಿ ಹಳ್ಳಿಯ ಮಟ್ಟದಲ್ಲಿ ಇಲ್ಲ. ಆದರೆ ಪಟ್ಟಿ ತೆರೆದಿದ್ದರೆ ಮಾಲೀಕರಿಗೆ ಎಷ್ಟು ಬಂತು ಅಂತ ಲಾವಣಿ ರೈತನಿಗೆ ತಿಳಿಯುತ್ತದೆ. ನಮ್ಮಲ್ಲಿ ಇಬ್ಬರು ಮಾಲೀಕರು ಅರ್ಧ ಹಣ ದುಡಿದವರಿಗೆ ಕೊಟ್ಟರು. ಕೇಳಿದ್ದಕ್ಕೆ ಕೊಟ್ಟರು. ಮೊತ್ತ ಗೊತ್ತಿದ್ದದ್ದಕ್ಕೆ ಇವರು ಕೇಳಿದರು.

ಹೆಜ್ಜೆ 5: ಪೈಪು, ಯಂತ್ರ, ಹೊಂಡ

ಖಾತೆಗೆ ಬರುವ ಹಣಕ್ಕೆ ಆ್ಯಪ್ ಇದೆ, ಪಟ್ಟಿ ಇದೆ. ವಸ್ತುವಿನ ಸಬ್ಸಿಡಿಯಲ್ಲಿ ಮುಚ್ಚುಮರೆ ಜಾಸ್ತಿ. ಇಲ್ಲಿ ರೈತ ತನ್ನ ವಂತಿಕೆ ಕಟ್ಟುತ್ತಾನೆ, ಸಬ್ಸಿಡಿ ಭಾಗ ಬಹಳ ಸಲ ಸರಬರಾಜು ಮಾಡಿದವರಿಗೆ ನೇರ ಹೋಗುತ್ತದೆ. ಆ ಹಣ ರೈತನ ಕಣ್ಣಿಗೇ ಬೀಳುವುದಿಲ್ಲ. ಹೀಗಾಗಿ ಒಬ್ಬನ ಎಫ್‌ಐಡಿ ಮೇಲೆ ಇನ್ನೊಬ್ಬನ ಹೊಲಕ್ಕೆ ಪೈಪು ಹೋದರೂ ಹೆಸರಿನವನಿಗೆ ತಿಳಿಯದೆ ಇರಬಹುದು. ಮುಂದೆ ಅವನು ನಿಜವಾಗಿ ಅರ್ಜಿ ಹಾಕಿದಾಗ "ನಿಮಗೆ ಈಗಾಗಲೇ ಕೊಟ್ಟಿದೆ" ಅನ್ನುತ್ತದೆ ಕಂಪ್ಯೂಟರ್.

ಹಾಗಾಗಿ ವರ್ಷಕ್ಕೊಮ್ಮೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ನಿಮ್ಮ ಎಫ್‌ಐಡಿ ಮೇಲೆ ಏನೇನು ಕೊಟ್ಟಿದ್ದಾರೆ ಅಂತ 'ಕೆ-ಕಿಸಾನ್' ತಂತ್ರಾಂಶದಲ್ಲಿ ತೋರಿಸಲು ಹೇಳಿ. ಬಿಲ್ಲಿನಲ್ಲಿ ಪೂರ್ತಿ ಬೆಲೆ, ಸಬ್ಸಿಡಿ, ನಿಮ್ಮ ವಂತಿಕೆ ಬೇರೆ ಬೇರೆ ಬರೆದಿರಬೇಕು. ಅದೇ ಪೈಪಿಗೆ ಅಂಗಡಿಯಲ್ಲಿ ಸಬ್ಸಿಡಿ ಇಲ್ಲದೆ ಎಷ್ಟು ಬೆಲೆ ಅಂತಲೂ ವಿಚಾರಿಸಿ. ನೂರಕ್ಕೆ 90 ಸಬ್ಸಿಡಿ ಅಂತ ಕೇಳಿ ಖುಷಿಪಡುವ ಮೊದಲು, 90 ಯಾವ ಬೆಲೆಯ ಮೇಲೆ ಅಂತ ಕೇಳಬೇಕು ಅಲ್ವಾ?

ಹೆಜ್ಜೆ 6: ಸಿಗದ ಪಟ್ಟಿಗೆ ಮಾಹಿತಿ ಹಕ್ಕು

ರೈತ ಸಂಪರ್ಕ ಕೇಂದ್ರದಲ್ಲಿ ಪಟ್ಟಿ ಕೇಳಿದರೆ "ಅದೆಲ್ಲ ಕೊಡಲಿಕ್ಕೆ ಬರೂದಿಲ್ರಿ" ಅನ್ನಬಹುದು. ಬರುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮಿನ 12ನೇ ಅಂಶ ಓದಿ. ಸಬ್ಸಿಡಿ ಯೋಜನೆ ಹೇಗೆ ನಡೆಯುತ್ತದೆ, ಎಷ್ಟು ಹಣ ಇಟ್ಟಿದೆ, ಫಲಾನುಭವಿಗಳು ಯಾರು ಅನ್ನುವುದನ್ನು ಕಚೇರಿ ಯಾರೂ ಕೇಳದೆಯೇ ತಾನಾಗಿ ಪ್ರಕಟಿಸಬೇಕು ಅಂತ ಅದರಲ್ಲಿ ಇದೆ.

ಮೊದಲು ಬಾಯಿಮಾತಿನಲ್ಲಿ ಮರ್ಯಾದೆಯಿಂದ ಕೇಳಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಕೊಡದಿದ್ದರೆ ಅರ್ಜಿ ಹಾಕಿ.

ಯಾರಿಗೆ? ಪೈಪು, ಯಂತ್ರ, ಕೃಷಿ ಹೊಂಡಕ್ಕೆ ತಾಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿ. ದ್ರಾಕ್ಷಿ, ನಿಂಬೆ, ದಾಳಿಂಬೆ ತೋಟದ ಸಬ್ಸಿಡಿಗೆ ತಾಲೂಕಿನ ತೋಟಗಾರಿಕೆ ಕಚೇರಿ. ಬೆಳೆ ಪರಿಹಾರಕ್ಕೆ ತಹಶೀಲ್ದಾರ್ ಕಚೇರಿ. ತಪ್ಪು ಕಚೇರಿಗೆ ಹಾಕಿದರೂ ಅವರೇ ಐದು ದಿನದೊಳಗೆ ಸರಿಯಾದ ಕಡೆಗೆ ಕಳಿಸಬೇಕು.

ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಹಚ್ಚುವುದು ಸುಲಭ. ಬಿಪಿಎಲ್ ಕಾರ್ಡಿದ್ದವರು ಅದರ ಜೆರಾಕ್ಸ್ ಹಚ್ಚಿದರೆ ಶುಲ್ಕ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ನಾನು ಬರೆಯುವ ಮಾದರಿ ಹೀಗಿದೆ:

"2024-25 ಮತ್ತು 2025-26ನೇ ಸಾಲಿನಲ್ಲಿ ______ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಸಹಾಯಧನದಡಿ ತುಂತುರು ನೀರಾವರಿ ಘಟಕ ಪಡೆದ ಫಲಾನುಭವಿಗಳ ಪಟ್ಟಿ ನೀಡುವುದು. ಪಟ್ಟಿಯಲ್ಲಿ ಹೆಸರು, ಗ್ರಾಮ, ಸಹಾಯಧನದ ಮೊತ್ತ, ರೈತರ ವಂತಿಕೆ, ವಿತರಿಸಿದ ದಿನಾಂಕ, ಸರಬರಾಜು ಮಾಡಿದ ಸಂಸ್ಥೆಯ ಹೆಸರು ಇರಲಿ. ಅದೇ ಅವಧಿಯಲ್ಲಿ ಬಂದ ಅರ್ಜಿಗಳ ಜ್ಯೇಷ್ಠತಾ ಪಟ್ಟಿಯ ಪ್ರತಿ ನೀಡುವುದು. ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ಬೇಡ. ಕಾಯ್ದೆಯ 4(1)(ಬಿ)(12)ರ ಪ್ರಕಾರ ಇದು ಪ್ರಕಟಿಸಬೇಕಾದ ಮಾಹಿತಿ."

ಜ್ಯೇಷ್ಠತಾ ಪಟ್ಟಿ ಮರೆಯಬೇಡಿ. ಯಾರಿಗೆ ಸಿಕ್ಕಿತು ಅನ್ನುವುದರ ಪಕ್ಕದಲ್ಲಿ ಯಾರು ಮೊದಲು ಕೇಳಿದ್ದರು ಅನ್ನುವುದನ್ನು ಇಟ್ಟು ನೋಡಿದಾಗಲೇ ಸರದಿ ತಪ್ಪಿದ್ದು ತಿಳಿಯುತ್ತದೆ. "ಯಾಕೆ ಕೊಟ್ಟಿಲ್ಲ?" ಅಂತ ಅರ್ಜಿಯಲ್ಲಿ ಬರೆಯಬೇಡಿ. ದಾಖಲೆ ಕೇಳಿ, ಕಾರಣ ದಾಖಲೆಯಲ್ಲೇ ಸಿಗುತ್ತದೆ.

"ಆಧಾರ್ ಬೇಡ" ಅನ್ನುವ ಸಾಲನ್ನು ನಾನು ಬೇಕೆಂದೇ ಸೇರಿಸುತ್ತೇನೆ. ಕಾಯ್ದೆಯ 8(1)(ಜೆ) ಕಲಮು ವೈಯಕ್ತಿಕ ಮಾಹಿತಿಗೆ ರಕ್ಷಣೆ ಕೊಡುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನು ಇನ್ನೂ ಬಿಗಿ ಮಾಡಿದೆ. ಅದನ್ನು ತೋರಿಸಿ ಪೂರ್ತಿ ಪಟ್ಟಿಯನ್ನೇ ನಿರಾಕರಿಸಬಹುದು. ಆಗ 8(2) ಕಲಮನ್ನು ನೆನಪಿಸಿ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದು ಅಂತ ಅದು ಹೇಳುತ್ತದೆ.

ಈ ಹಗ್ಗಜಗ್ಗಾಟ ನಮ್ಮಲ್ಲಿ ಮಾತ್ರ ಇಲ್ಲ. ಯುರೋಪಿನಲ್ಲಿ ರೈತರ ಸಬ್ಸಿಡಿಯನ್ನು ಹೆಸರು ಸಮೇತ ಪ್ರಕಟಿಸುತ್ತಿದ್ದರು. ಜರ್ಮನಿಯ ರೈತರು ಕೋರ್ಟಿಗೆ ಹೋದರು. 2010ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಸಣ್ಣವರು ದೊಡ್ಡವರು ಅಂತ ನೋಡದೆ ಎಲ್ಲರ ಹೆಸರು ಹಾಕುವುದು ಅತಿಯಾಯಿತು ಅಂತ ಹೇಳಿತು. 2013ರಲ್ಲಿ ಹೊಸ ನಿಯಮ ಬಂತು. ಹೆಸರು ಮತ್ತೆ ಪ್ರಕಟವಾಗತೊಡಗಿದವು, ಆದರೆ ತೀರ ಸಣ್ಣ ಮೊತ್ತ ಪಡೆಯುವ ರೈತರ ಹೆಸರು ಬಿಟ್ಟರು. ನನಗೆ ಇದು ನ್ಯಾಯವಾಗಿ ಕಾಣುತ್ತದೆ. ಲಕ್ಷಗಟ್ಟಲೆ ಸಬ್ಸಿಡಿಯ ಯಂತ್ರ ಪಡೆದವರ ಹೆಸರು ಊರಿಗೆ ಗೊತ್ತಿರಲಿ. ಬಡವನ ಬ್ಯಾಂಕ್ ಖಾತೆ, ಸಾಲದ ಲೆಕ್ಕ ಯಾರಿಗೂ ಬೇಕಿಲ್ಲ. ಪಟ್ಟಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಒಬ್ಬರ ಹೆಸರಿಗೆ ಗೆರೆ ಎಳೆದು ಮಾನ ಕಳೆಯುವ ಕೆಲಸವನ್ನಂತೂ ದಯವಿಟ್ಟು ಮಾಡಬೇಡಿ. ನಮ್ಮ ಕಾಕಾನನ್ನು ನೆನಪಿಸಿಕೊಳ್ಳಿ.

ಅರ್ಜಿ ಕೊಟ್ಟ 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ, ಅಥವಾ ಬಂದದ್ದು ಅರೆಬರೆ ಇದ್ದರೆ, ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಬೆಳಗಾವಿಯಲ್ಲಿ ಆಯೋಗದ ಪೀಠ ಇದೆ, ನಮ್ಮ ಮೂರು ಜಿಲ್ಲೆಯವರಿಗೆ ಬೆಂಗಳೂರಿಗಿಂತ ಅದು ಹತ್ತಿರ. ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. 30 ದಿನ ದಾಟಿದ ಮೇಲೆ ಕೊಡುವ ಪ್ರತಿಗಳಿಗೆ ದುಡ್ಡು ಕೇಳುವಂತಿಲ್ಲ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಸೀಲು ಹಾಕಿಸಿಕೊಂಡ ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ, ಉತ್ತರದ 30 ದಿನದ ಗಡುವು ಆ ಸೀಲಿನ ತಾರೀಖಿನಿಂದ ಎಣಿಕೆ.

ಹೆಜ್ಜೆ 7: ಗ್ರಾಮಸಭೆಯಲ್ಲಿ ಓದಿಸಿ

ಪಟ್ಟಿ ನಿಮ್ಮ ಮನೆಯ ಟ್ರಂಕಿನಲ್ಲಿ ಇದ್ದರೆ ಊರಿಗೆ ಏನು ಉಪಯೋಗ? ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಯೋಜನೆಗಳ ಫಲಾನುಭವಿಗಳನ್ನು ಗುರುತಿಸುವುದು ಆ ಸಭೆಯ ಕೆಲಸಗಳಲ್ಲಿ ಒಂದು. ಕೃಷಿ ಮತ್ತು ಕಂದಾಯ ಇಲಾಖೆಯವರನ್ನೂ ಸಭೆಗೆ ಕರೆಯುತ್ತಾರೆ.

ಸಭೆಗೆ ವಾರ ಮೊದಲೇ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಒಂದು ಪುಟದ ಪತ್ರ ಕೊಡಿ. "ಬೆಳೆ ಪರಿಹಾರ ಮತ್ತು ಕೃಷಿ ಸಹಾಯಧನದ ಫಲಾನುಭವಿಗಳ ಪಟ್ಟಿಯನ್ನು ಸಭೆಯಲ್ಲಿ ಓದಿ, ಪಂಚಾಯಿತಿ ಗೋಡೆಗೆ ಅಂಟಿಸಬೇಕು" ಅಂತ ಬರೆಯಿರಿ. ಐದಾರು ಮಂದಿ ಸಹಿ ಹಾಕಿ. ಒಬ್ಬರೇ ಹೋದರೆ ಜಗಳಗಂಟ ಅನ್ನುತ್ತಾರೆ. ಹೆಣ್ಣುಮಕ್ಕಳ ಸಹಿಯೂ ಇರಲಿ, ಉತಾರ ಅವರ ಹೆಸರಲ್ಲಿದ್ದೂ ಅವರನ್ನು ಯಾರೂ ಕೇಳದ ಮನೆಗಳು ಬಹಳ ಇವೆ.

ನಮ್ಮ ಊರಲ್ಲಿ ಮೊದಲ ಸಲ ಓದಿದಾಗ ಒಂದು ಗಂಟೆ ಗದ್ದಲ. ತೀರಿಹೋದ ಇಬ್ಬರ ಹೆಸರು ಸಿಕ್ಕಿತು. ಬೆಳೆ ತಪ್ಪಾಗಿ ನಮೂದಾದ ಹೊಲ ನಮ್ಮದೊಂದೇ ಅಲ್ಲ, ಅದೇ ದಿಕ್ಕಿನ ಇನ್ನೂ ಏಳು ಮಂದಿಯದು ಅಂತ ಅಲ್ಲೇ ಗೊತ್ತಾಯಿತು. ಕಾಕಾ ಎದ್ದು ನಿಂತು, "ನಮ್ಮ ಅಣ್ಣನ ಹೊಲದಾಗ ತೊಗರಿ ಇತ್ತು, ನಾ ಕಂಡೀನಿ, ಬರಕೋರಿ" ಅಂದ. ಅದು ನಡಾವಳಿಯಲ್ಲಿ ದಾಖಲಾಯಿತು. ಮುಂದಿನ ಮುಂಗಾರಿನಲ್ಲಿ ಆ ಎಂಟೂ ಹೊಲಕ್ಕೆ ಸಮೀಕ್ಷೆಯವರು ನಡೆದುಕೊಂಡು ಬಂದರು.

ಸಭೆ ಮುಗಿದ ಮೇಲೆ ಎರಡು ಕೆಲಸ ಉಳಿದಿರುತ್ತದೆ. ನಡಾವಳಿಯ ಪ್ರತಿ ಕೇಳಿ ಪಡೆಯಿರಿ. ಗೋಡೆಗೆ ಪಟ್ಟಿ ಅಂಟಿಸಿದ ದಿನವೇ ಅದರ ಪ್ರತಿ ಪುಟವನ್ನೂ ತಾರೀಖು ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ದೊಡ್ಡ ಮಳೆ ಬಂದರೆ ಗೋಡೆಯ ಕಾಗದ ಹೋಗುತ್ತದೆ.